ತಪ್ಪೊಪ್ಪಿಗೆ ಬರೆಯದ ತಂಗಿ

ಬಸ್ಸಿನಲ್ಲಿ ದರ್ಜಿ ಹೆಂಗಸೊಬ್ಬಳ ಮುಂದಿನ ಸೀಟಿನಲ್ಲೇ ಅಕ್ಕ ತಂಗಿ ಕೂತಿದ್ದರು. ತಂಗಿಯ ಕೈಯಲ್ಲಿ ಅವಳು ಕೆಲಸ ಮಾಡುವ ತಗಡಿನ ಕಾರ್ಖಾನೆ ಕೊಟ್ಟ ನೋಟಿಸಿತ್ತು. ಬೇಡವೆಂದರೂ ಮಾತು ದರ್ಜಿಯ ಕಿವಿಗೆ ಬೀಳುತ್ತಿತ್ತು.

"ತಪ್ಪಾಯ್ತು ಅಂತ ಬರೆದುಕೊಟ್ಟುಬಿಡು ಕಣೇ. ಮೇಸ್ತ್ರಿ ಸುಮ್ಮನಾಗ್ತಾನೆ."

"ಏನು ತಪ್ಪು ಮಾಡಿದೀನಕ್ಕಾ?"

"ಕಂಪ್ಯೂಟರಲ್ಲಿ ಏನೋ ಕಿತಾಪತಿ ಮಾಡ್ದೆ ಅಂತಾನಲ್ಲ!"

"ನಕ್ಷೆ ಬಿಡಿಸೋ ಸಾಫ್ಟ್‌ವೇರ್ ಒಳಗೇ ಕಮಾಂಡ್ ಟೈಪ್ ಮಾಡೋಕೆ ಒಂದು ಕಿಟಕಿ ಇದೆ. ಅದರಲ್ಲಿ ಸೈನ್ ಫಂಕ್ಷನ್, ಅಂದ್ರೆ ಅಲೆಯಂಥ ಗೆರೆ ಬರಿಸೋ ಲೆಕ್ಕ, ಬರೆದು ಎಂಟರ್ ಒತ್ತಿದೆ. ಪೈಪು ತಿರುಗೋ ಕಡೆ ತಗಡನ್ನ ಹೇಗೆ ಕತ್ತರಿಸ್ಬೇಕೋ, ಆ ಗೆರೆ ಹಾಗೇ ಮೂಡ್ತು."

"ಅವನು ಇಪ್ಪತ್ತು ವರ್ಷದಿಂದ ಕೈಯಲ್ಲೇ ಎಳೀತಿದಾನೆ."

"ಅವನು ಎಳೆದ ಗೆರೇಲಿ ಕತ್ತರಿಸಿ ಜೋಡಿಸಿದ್ರೆ ಬೆರಳು ತೂರೋಷ್ಟು ಸಂದು. ನಂದ್ರಲ್ಲಿ ಕೂದಲೂ ತೂರಲ್ಲ. ಅದಕ್ಕೇ ಅವನಿಗೆ ಹೊಟ್ಟೆಯುರಿ."

"ಕೆಲಸ ಹೋದ್ರೆ?"

"ಹೋಗ್ಲಿ. ಕಲಿತಿದ್ದೇ ತಪ್ಪು ಅಂತ ನನ್ನ ಕೈಯಾರೆ ಬರೆಯಲ್ಲ."

ಅಕ್ಕ ನೋಟಿಸನ್ನು ಕಿತ್ತುಕೊಂಡು ಎರಡು ಸಲ ಓದಿದಳು. ಕಾರ್ಖಾನೆಯ ಸ್ಟಾಪು ಬಂತು.

"ಏಳು, ನಾನೂ ಬರ್ತೀನಿ."

"ನೀನ್ಯಾಕೆ?"

"ಎಲ್ಲರ ಎದುರಿಗೂ ಇನ್ನೊಂದ್ಸಲ ಆ ಗೆರೆ ಬರಿಸು. ಆಗ ಅವನ ಮುಖ ಹೇಗಿರುತ್ತೆ ಅಂತ ನಾನು ನೋಡ್ಬೇಕು."

ಅಕ್ಕನೇ ಮೊದಲು ಇಳಿದಳು.