ಚೌಡಮ್ಮನ ಬೆನ್ನು

ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಸೊರಬದ ಬಸ್ಸಿಗೆ ಕಾದಿದ್ದವರಿಗೆಲ್ಲ ಆ ಇಬ್ಬರು ಹೆಂಗಸರ ಮಾತು ಕೇಳಿಸುತ್ತಿತ್ತು. ಬಾಣಂತಿ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಚೌಡಮ್ಮ ಕಂಬಕ್ಕೆ ಬೆನ್ನು ಉಜ್ಜುತ್ತಿದ್ದಳು.

“ಏನೇ ಚೌಡಮ್ಮ, ಎಮ್ಮೆ ಹಂಗೆ!” ಎಂದು ನಕ್ಕವಳು ಜ್ಯೋತಿಲಕ್ಷ್ಮಿ. ಅವಳ ಎರಡೂ ಬಾಣಂತನ ಆಗಿದ್ದು ಚೌಡಮ್ಮನ ಕೈಯಲ್ಲೇ.

“ಚರ್ಮ ಒಣಗಿ ಬಿರುಕು ಬಿಟ್ಟೈತ್ರವ್ವ. ತುರಿಕೆ ತಡೆಯಾಕಾಗಲ್ಲ.”

“ಸೋಪು ಬಿಡು, ಕಡ್ಲೆಹಿಟ್ಟು ಹಾಕು. ಸ್ನಾನಕ್ಕೆ ಮುಂಚೆ ದಿನಾ ಕೊಬ್ಬರಿ ಎಣ್ಣೆ ಹಚ್ಚು. ನೀನೇ ನಂಗೆ ಹೇಳಿದ್ದಲ್ವೇನೆ?”

“ಕೈಕಾಲಿಗೆ ಹಚ್ಕಂತೀನ್ರಿ. ಬೆನ್ನಿಗೆ ಕೈ ಎಟುಕಬೇಕಲ್ಲ.”

“ಮನೇಲಿ ಯಾರಿಗಾದ್ರೂ ಹೇಳು.”

“ಮನ್ಯಾಗೆ ನಾನು, ನಾಕು ಗೋಡೆ. ಅರ್ಧ ಊರಿನ ಬೆನ್ನು ತಿಕ್ಕೀನಿ. ನನ್ನ ಬೆನ್ನು ಮುಟ್ಟಿದೋರಿಲ್ಲ, ಒಂಬತ್ತು ವರ್ಷಾತು.”

ಜ್ಯೋತಿಲಕ್ಷ್ಮಿಯ ನಗು ನಿಂತಿತು. “ನಮ್ಮನೆಗೆ ಬಾ. ನಾನೇ ಹಚ್ತೀನಿ.”

“ನಮ್ಮ ಜಾತಿಯೋಳ ಬೆನ್ನು ಮುಟ್ಟಿದ್ರೆ ನಿಮ್ಮತ್ತೆ ಸುಮ್ಕಿರ್ತಾರೇನ್ರಿ?”

“ಅವರು ಚಂದ್ರಗುತ್ತಿ ಗುಡಿಗೆ ಹೋದ ದಿನ ಫೋನ್ ಮಾಡ್ತೀನಿ.”

“ಕದ್ದು ಹಚ್ಚಿಸ್ಕಳಾಕೆ ನನ್ನ ಬೆನ್ನೇನು ಕಳ್ಳಮಾಲೇನ್ರವ್ವ? ಮೊಮ್ಮಗಳಿಗೆ ಎಣ್ಣೆ ಹಚ್ಚಾಕೆ ಈ ಕೈನೇ ಬೇಕಂತ ಹಟ ಹಿಡಿದೋರು ನಿಮ್ಮತ್ತೆನೇ.”

ಅಷ್ಟರಲ್ಲಿ ಬಸ್ಸು ಬಂತು. ಜ್ಯೋತಿಲಕ್ಷ್ಮಿ ಮುಂದಿನ ಬಾಗಿಲಿಗೆ ಧಾವಿಸಿದಳು. ಚೌಡಮ್ಮ ಸೆರಗು ಹೊದ್ದು ಹಿಂದಿನ ಬಾಗಿಲಿನತ್ತ ನಡೆದಳು.