ತೂಬಿನ ಹತ್ರ ನೀರು ಬೆಚ್ಚಗಿತ್ತ

ಕಂದೀಲ ಸಣ್ಣ ಮಾಡ್ರಿ... ಹಾಂ, ಅಷ್ಟ ಸಾಕು. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಕಾಕಾನ ಮಗ ಸಾಯಬಣ್ಣನ ಕಣ್ಣ ಮುಂದ ಆದದ್ದು. ಊರ ಹೆಸರು ಮಾತ್ರ ಹೇಳಂಗಿಲ್ಲ. ಆ ಮನಿ ಮಂದಿ ಇನ್ನೂ ಅದಾರ. ಹೋಟಗಿ ಟೇಶನ್ನಾಗ ಇಳಿದು ಕೆರಿ ಏರಿ ಹಿಡಿದು ನಡದ್ರ ಬರ್ತದ ಅಂತ ತಿಳ್ಕೋರ್ರಿ.

ಬ್ರಿಟಿಷರು ಸೊಲ್ಲಾಪುರದಾಗ ಮಾರ್ಶಲ್ ಲಾ ಹಾಕಿದ್ರಲ್ಲ, ಆ ವರ್ಷದ ಮಾಗಿ. ಸಾಯಬಣ್ಣ ದುಧನಿಯಿಂದ ಅಕ್ಕ ಸುಗಲಾಬಾಯಿನ್ನ ನೋಡಾಕ ಹೊಂಟಿದ್ದ. ಗಾಡಿ ತಡ ಆತು. ಟೇಶನ್ ಬಿಡೂದ್ರಾಗ ಹೊತ್ತು ಮುಳುಗಿತ್ತ. ಏರಿ ಮ್ಯಾಲ ಒಂದು ಆಲದ ಮರ. ಅದರ ಕೆಳಗ ಬಂದಾನ... ನೀರಾಗ ಸಪ್ಪಳ.

ಚಪ್... ಚಪ್... ಫುರ್ರ್.

ಮೀನಲ್ಲ. ಮೀನು ಒಮ್ಮೆ 'ಡುಬುಕ್' ಅಂದು ಸುಮ್ಮನಾಗ್ತದ. ಇದು ಮನಶಾ ಈಸೂ ಸಪ್ಪಳ. ಎರಡು ಕೈ ಬಡಿದು, ಬಾಯಾಗಿನ ನೀರು ಊದೂದು. ಹಂಗ ಈಸಾವ ಆ ಊರಾಗ ಒಬ್ಬನ... ಅಕ್ಕನ ಗಂಡ ಚನ್ನವೀರಪ್ಪ. ಸಾಯಬಣ್ಣಗ ಈಸಾಕ ಕಲಿಸಿದಾವನೂ ಅವನ.

"ಮಾಮಾ?" ಅಂತ ಕರದ.

ಸಪ್ಪಳ ನಿಂತಿತು. ನೀರಿನ ಮ್ಯಾಲ ಯಾರೂ ಇಲ್ಲ. ತೆರಿ ಮಾತ್ರ ಬಂದು ಕಲ್ಲಿಗೆ ಲಪಕ್ ಲಪಕ್ ಅಂತ ಬಡದ್ವು.

ಮನಿ ಕಟ್ಟಿ ಮ್ಯಾಲ ಚನ್ನವೀರಪ್ಪನ ಅಣ್ಣ ಅಮೃತಪ್ಪ ಕುಂತಿದ್ದ. ಇವ ಏನೂ ಕೇಳೂಕ್ಕಿಂತ ಮೊದಲ ಅಂದ, "ಚನ್ನ್ಯಾ ಇಲ್ಲ. ಸೊಲ್ಲಾಪುರದ ಗಲಾಟೆದಾಗ ಅವನ ಹೆಸರು ಬಂದದ. ದೀಪಾವಳಿ ಆದ ಮ್ಯಾಲ ಮುಂಬೈಗೆ ಕಳಿಸೀನಿ. ನಾನ ಗಾಡಿ ಹತ್ತಿಸಿ ಬಂದೀನಿ. ಹೊರಗ ಬಾಯಿ ಬಿಡಬ್ಯಾಡ."

ಸಾಯಬಣ್ಣ ಕೆರ್ಯಾಗಿನ ಮಾತು ನುಂಗಿಕೊಂಡ. ಕೇಳದೇ ಇಷ್ಟೊಂದು ಹೇಳಾಕತ್ತಾನಲ್ಲ... ಅನಿಸ್ತು.

ಊಟ ಆದ ಮ್ಯಾಲ ಒಲಿ ಮುಂದ ಅಕ್ಕ ಕಿವ್ಯಾಗ ಅಂದ್ಲು.

"ಮುಂಬೈಗೆ ಹೋಗಾವರು ಚಪ್ಪಲಿ ಬಿಟ್ಟು ಹೋಗ್ತಾರೇನೋ, ತಮ್ಮಾ?"

"ನಿಮ್ಮ ಭಾವನ್ನ ಕೇಳಿಲ್ಲ?"

"ಕೇಳಿದೆ. ಪೊಲೀಸರ ಕಿವಿಗೆ ಬೀಳ್ತದ, ಸುಮ್ಮನಿರು ಅಂದ್ರು." ಹೊರಗ ಅಮೃತಪ್ಪ ಕೆಮ್ಮಿದ. ಆಕಿ ದನಿ ಇನ್ನೂ ಇಳೀತು. "ಕೆರಿ ಕೆಳಗಿನ ಹೊಲ ಪಾಲು ಮಾಡ್ರಿ ಅಂತ ನಮ್ಮ ಮನಿಯವರು ಅಣ್ಣನ ಕೂಡ ಹಟ ಹಿಡದಿದ್ರು. ಅದರ ಮರದಿನಾನ ಇಲ್ಲ. ಈ ಬಳಿ ಇಟ್ಕೋಬೇಕೋ ಒಡಕೋಬೇಕೋ... ಅಷ್ಟ ತಿಳೀಲಿ ನನಗ."

ಸಾಯಬಣ್ಣಗ ನಿದ್ದಿ ಹತ್ತಲಿಲ್ಲ. ಬೆಳಗಾಗೂದ್ರಾಗ ಕೆರಿಗೆ ನಡದ.

ಆ ಕೆರಿ ಗುಣ ಚನ್ನವೀರಪ್ಪನಷ್ಟು ಬಲ್ಲಾವ ಯಾರೂ ಇರಲಿಲ್ಲ. ಬ್ಯಾಸಗ್ಯಾಗ ಎದಿಮಟ ನೀರು ಕಾಯ್ದಿರ್ತದ, ಕಾಲಿಗೆ ಥಂಡಿ ಹತ್ತತದ, ಆಗ ಮನಸ್ಸಿಗೆ ಬಂದಷ್ಟು ಈಸು ಅಂತಿದ್ದ. ಮಳಿ ಬಂದು ನೀರು ಕೆಂಪಾತಂದ್ರ ಇಳೀಬ್ಯಾಡ, ಕೆಳಗ ಏನದ ಕಾಣಂಗಿಲ್ಲ. ಮಾಗಿಯಾಗ ಹೊರಗಿನ ಗಾಳಿಗೆ ಮೋಸ ಹೋಗಬ್ಯಾಡ. ಹೊಗಿ ಏಳ್ತದ, ದಂಡಿ ನೀರು ಹಿತ ಅನಸ್ತದ, ಆದ್ರ ನಡುವಿಗೆ ಹೋದ್ರ ಎಲುಬು ಕೊರೀತದ, ಕೈಕಾಲು ಮರಗಟ್ಟತಾವ.

ಅವತ್ತೂ ಹಂಗ. ಕೆರಿ ತುಂಬ ಹೊಗಿ. ಸಾಯಬಣ್ಣ ಇಳಿದ, ದಂಡಿ ಬಿಟ್ಟು ಒಳಗ ಹೋದ. ಥಂಡಿ ಹಲ್ಲು ಕಟಕಟ ಅನ್ನಿಸ್ತು. ಇನ್ನ ತಿರುಗಬೇಕು ಅನ್ನೂದ್ರಾಗ... ಒಮ್ಮಿಗ್ಲೇ ನೀರು ಬೆಚ್ಚಗ.

ಕಾಸಿದ ನೀರಿನಂಗ ಅಲ್ರಿ. ಈಗಷ್ಟ ಯಾರೋ ಎದ್ದು ಹೋದ ಹಾಸಿಗಿಯಂಗ.

ಕೈ ಚಾಚಿದ. ಆ ಕಡೆ ಥಂಡಿ. ಈ ಕಡೆ ಥಂಡಿ. ತಾನು ಇದ್ದಷ್ಟ ಜಾಗ, ಒಬ್ಬ ಮನಶಾನ ಅಗಲ, ಬೆಚ್ಚಗ. ಅಂಜಿ ಮುಂದ ಈಸಿದ. ಬೆಚ್ಚಗಿಂದೂ ಮುಂದ ಬಂತು. ಎಡಕ್ಕ ಹೊಳ್ಳಿದ. ಅದು ಹೊಳ್ಳಲಿಲ್ಲ... ಥಂಡಿ ಕಡೀತು. ಮತ್ತ ಬಲಕ್ಕ ಬಂದ್ರ ಬೆಚ್ಚಗ. ತಾನು ಹೋಗೂ ಹಾದಿ ತಾನ ಹೇಳಿದಂಗ ಅದು ಕರಕೊಂಡು ಹೋತು. ಎಲ್ಲಿಗೆ? ಏರಿ ಬುಡಕ, ತೂಬಿನ ಹತ್ರ. ಅಲ್ಲಿ ನಿಂತುಬಿಡ್ತು.

"ಏ! ಅಲ್ಲಿ ಯಾಕ ಹೋಗೀದಿ?"

ತಲಿ ಎತ್ತಿ ನೋಡಿದ. ಏರಿ ಮ್ಯಾಲ ಅಮೃತಪ್ಪ. ಯಾವಾಗ ಬಂದಿದ್ನೋ.

"ಬಾ ಈ ಕಡೆ. ತೂಬಿನ ಹತ್ರ ಸೆಳವು ಅದ."

"ತೂಬು ಮುಚ್ಚೇತಲ್ರಿ ಮಾಮಾ. ಸೆಳವು ಎಲ್ಲಿಂದ ಬಂತು?"

ಅಷ್ಟೊತ್ತಿಗೆ ಬಟ್ಟಿ ಒಗಿಯಾಕ ಹೆಣ್ಮಕ್ಕಳು ಬಂದಿದ್ರು. ಎಮ್ಮಿ ಹೊಡಕೊಂಡು ನಿಂಗಣ್ಣ ಅನ್ನಾವನೂ ಬಂದಿದ್ದ. ಸಾಯಬಣ್ಣಗ ಎಲ್ಲಿಂದ ಧೈರ್ಯ ಬಂತೋ, ಎಲ್ಲರಿಗೂ ಕೇಳೂವಂಗ ಅಂದ,

"ನಿನ್ನಿ ಸಂಜಿಮುಂದ ಚನ್ನವೀರ ಮಾಮಾ ಇಲ್ಲೇ ಈಸಾಕತ್ತಿದ್ರು."

ಧಪ್ ಧಪ್ ಒಗಿಯೂ ಸಪ್ಪಳ ನಿಂತಿತು.

"ಸುಳ್ಳು!" ಅಂದ ಅಮೃತಪ್ಪ. "ಅವ ಮುಂಬೈದಾಗ ಅದಾನ."

"ಹಂಗಾದ್ರ ನೀವೂ ಇಳೀರಿ. ನೀರು ಬೆಚ್ಚಗದ."

ಎಲ್ಲರೂ ಅಮೃತಪ್ಪನ ಮಾರಿನ ನೋಡಾಕತ್ತಿದ್ರು. ಇಳೀದಿದ್ರ ಊರು ಏನಂತದ? ಇಳಿದ. ಧೋತರ ಮ್ಯಾಲ ಕಟ್ಟಿ ತೂಬಿನ ಬಾಜೂದ ಒಂದೊಂದ ಮೆಟ್ಟಲ. ಮೊಳಕಾಲು... ನಡ... ಎದಿ.

"ಏನದ ಇಲ್ಲಿ? ಏನೂ ಇಲ್..." ಅಂದಾವ ಅಲ್ಲೇ ತಡದ. ಮಾರಿ ಬಿಳಿಚಿತು.

"ಬೆಚ್ಚಗದ..." ಅಂದ, ಸಣ್ಣ ದನಿಲೆ.

ಆಮ್ಯಾಲ, "ಬಿಡು."

ಸಾಯಬಣ್ಣ ಅವನ್ನ ಮುಟ್ಟಿರಲಿಲ್ಲ. ಮಾರುದೂರ ಇದ್ದ.

"ಬಿಡೋ... ಬಿಡೋ ಚನ್ನ್ಯಾ! ತಪ್ಪಾತು, ನಾನ ನೂಕಿದೆ, ಬಿಡೋ ಯಪ್ಪಾ!"

ಕೆರಿ ದಂಡಿ ತುಂಬ ಆ ಕೂಗು. ಅಲ್ಲಿದ್ದ ಅಷ್ಟೂ ಮಂದಿ ಕೇಳ್ಯಾರ. ನಿಂಗಣ್ಣ ಎಮ್ಮಿ ಹಗ್ಗ ಒಗದು ಎಳದ. ಹೊರಗ ತಂದು ಕೂಡಿಸಿದ್ರೂ ಕಾಲು ಝಾಡಿಸಿಕೊಂತ "ಬಿಡು, ಬಿಡು" ಅನ್ನೂದು ನಿಲ್ಲಲಿಲ್ಲ.

ಊರ ಪಾಟೀಲರು ಬಂದು ತೂಬಿನ ಬಾಯಾಗ ಹುಡುಕಿಸಿದ್ರು. ಬೀಸೂ ಕಲ್ಲು ಕಟ್ಟಿದ ಚನ್ನವೀರಪ್ಪ ಅಲ್ಲೇ ಇದ್ದ. ಅಮೃತಪ್ಪನ್ನ ಪೊಲೀಸರು ಸೊಲ್ಲಾಪುರಕ್ಕ ಒಯ್ದ್ರು, ಅವ ತಿರುಗಿ ಬರಲಿಲ್ಲ. ಸುಗಲಾಬಾಯಿ ಅವತ್ತ ಬಳಿ ಒಡಕೊಂಡ್ಲು. ಅಳಲಿಲ್ಲಂತ. "ಗೊತ್ತರೆ ಆತಲ್ಲ" ಅಂದ್ಲಂತ, ಅಷ್ಟ. ಆ ಹೊಲ ಕಡೀತನಾ ಆಕೀನ ಮಾಡಿದ್ಲು.

ಇಷ್ಟನ್ನ ಊರ ಮಂದೀನೂ ಹೇಳ್ತಾರ. ಇನ್ನೊಂದು ಮಾತು ನಮ್ಮ ಮನ್ಯಾಗಷ್ಟ ಗೊತ್ತು.

ನಮ್ಮವ್ವ ಕಸ್ತೂರಬಾಯಿ ಆ ಮಣ್ಣಿಗೆ ಹೋಗಿದ್ಲು. ಹೆಣದ ಮೈ ತೊಳೆಯೂಕ್ಕಿಂತ ಮೊದಲ, ಮಾರಿ ಮ್ಯಾಲಿನ ಅರಿವಿ ಸರಿಸಿದಾಕಿ ಆಕಿನ. ದೀಪಾವಳಿಯಿಂದ ಮಾಗಿತನಾ ನೀರಾಗಿದ್ದ ಹೆಣ. ಮೈಯೆಲ್ಲಾ ಹಸಿ, ಕೂದಲಾಗ ಪಾಚಿ. ಹಣಿ ಮ್ಯಾಲ ಮಾತ್ರ ಮೂರು ಗೆರಿ ವಿಭೂತಿ... ಆಗಿಂದಾಗ ಹಚ್ಚಿದಂಗ. ಯಾರರೆ ಹಚ್ಚೀರೇನ್ರವ್ವಾ ಅಂತ ಕೇಳಿದ್ಲು. ಯಾರೂ ಹಚ್ಚಿರಲಿಲ್ಲ.

ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ. ಖರೆ ಆಗೇತ್ರಿ ಇದು. ತಡೀಲಾರದ ಒಂದು ಬೆರಳ ಮುಟ್ಟಿ ನೋಡಿದ್ಲಂತ.

ಬೆರಳಿಗೆ ಒಣ ಬೂದಿ ಹತ್ತಿತು.