ಕುರ್ಚಿ ಬಿಟ್ಟು ಏಳದ ಅಧ್ಯಕ್ಷರು

ಇಂದಿನ ಸಭೆಯ ಅಧ್ಯಕ್ಷರೂ ಈ ಅಮೆರಿಕ ದೇಶದ ಮಾಜಿ ಉಪಾಧ್ಯಕ್ಷರೂ ಆದ ಮಾನ್ಯ ಅಮಾಸಾ ವಿಟ್‌ಲಾಕ್ ಅವರೇ, ಪಾದ್ರಿಗಳೇ, ಹಾಪ್‌ಫೀಲ್ಡ್ ಚರ್ಚಾಕೂಟದ ಸದಸ್ಯರಾದ ಸಭಿಕರೇ, ಬಾಗಿಲ ಹೊರಗೆ ನಿಂತೇ ಕೇಳುತ್ತಿರುವ ತಾಯಂದಿರೇ,

ಸನ್ಮಾನದ ನಾಲ್ಕು ಮಾತು ಆಡಲು ನನಗೆ ಹೇಳಿದ್ದಾರೆ. ಹೆಂಗಸರ ಹಕ್ಕಿನ ಕರಪತ್ರ ಓದಿ ತಲೆ ಕೆಟ್ಟವನು ಎಂದು ನನ್ನನ್ನು ನೋಡಿ ನಗುವವರೂ ಇಲ್ಲಿದ್ದಾರೆ. ನಗಲಿ. ವಿಟ್‌ಲಾಕ್ ಅವರನ್ನು ನೋಡಿಯೂ ನಕ್ಕ ಊರು ಇದು.

ಇವರು ಇದೇ ಬೀದಿಯ ಜೋಡು ಹೊಲಿಯುವ ಗುಡಿಸಲಿನಲ್ಲಿ ಕೆಲಸ ಕಲಿತರು. ಉಳಿದವರು ಮೊಳೆ ಹೊಡೆಯುವಾಗ ಒಬ್ಬರು ಪತ್ರಿಕೆ ಓದಿ ಹೇಳಬೇಕು, ಅದು ನಮ್ಮ ಕಸುಬಿನ ಪದ್ಧತಿ. ಓದುತ್ತಿದ್ದವಳು ಯಜಮಾನನ ಮಗಳು ಕೆಟೂರಾ. "ಏ ಅಮಾಸಾ, ಸುತ್ತಿಗೆ ಕೆಳಗಿಡೋ, ಸೆನೆಟ್ಟು ಮಾತಾಡ್ತಾ ಇದೆ" ಎಂದು ಗದರುತ್ತಿದ್ದಳಂತೆ. ಆ ಕೆಟೂರಾ ನನ್ನ ತಾಯಿ. ಹೇಳಬಾರದು ಎಂದುಕೊಂಡಿದ್ದೆ; ಬಾಯಿಗೆ ಬಂದುಬಿಟ್ಟಿತು.

ಕೇಳಿಸಿಕೊಂಡವರು ಶಾಸನಸಭೆಗೆ ಹೋದರು, ವಾಷಿಂಗ್ಟನ್ನಿಗೆ ಹೋದರು, ಉಪಾಧ್ಯಕ್ಷರಾದರು. ಓದಿ ಹೇಳಿದವಳು ಎಲ್ಲಿಗೆ ಹೋದಳು? ಜೋಡಿನ ಮೇಲ್ದೊಗಲು ಹೊಲಿಯಲು ಕಾರ್ಖಾನೆಗೆ ಹೋದಳು.

ಉಪಾಧ್ಯಕ್ಷರ ಕೆಲಸವೇನು? ಸೆನೆಟ್ಟಿನ ಕುರ್ಚಿಯಲ್ಲಿ ಕೂರುವುದು. ಮತ ಸಮ ಬಿದ್ದರೆ ಮಾತ್ರ ತಮ್ಮ ಮತ ಹಾಕುವುದು. ನಾಲ್ಕು ವರ್ಷದಲ್ಲಿ ಒಮ್ಮೆ ಸಮ ಬಿತ್ತು. ಸರಕಾರದ ಕಾರ್ಖಾನೆಗಳಲ್ಲಿ ದಿನಕ್ಕೆ ಹತ್ತೇ ಗಂಟೆ ದುಡಿಮೆ ಎಂಬ ಮಸೂದೆ ಅದು. ಆಗ ಕುರ್ಚಿಯಲ್ಲಿ ಬೇರೊಬ್ಬರಿದ್ದರು, ಸಮ ಮುರಿಯುವ ಮತ ಅವರಿಗಿಲ್ಲ. ಇವರು ಊಟಕ್ಕೆ ಎದ್ದು ಹೋಗಿದ್ದರು. ಮಸೂದೆ ಬಿದ್ದುಹೋಯಿತು.

ಊರಿಗೆ ಮರಳಿದವರು ಮೊದಲು ಬಂದದ್ದು ನಮ್ಮ ಮನೆಗೆ. ಅಡುಗೆಮನೆಯಲ್ಲಿ ಟೋಪಿ ತೆಗೆದು, "ಕೆಟೂರಾ, ನಂಗಿದ್ದ ಕೆಲಸ ಒಂದೇ, ಕೂತಿರೋದು. ಅದನ್ನೂ ಮಾಡ್ಲಿಲ್ಲ ಕಣೇ" ಎಂದರು. ಅಮ್ಮ ಸಮಾಧಾನ ಹೇಳಲಿಲ್ಲ. "ಮುಂದಿನ ಸಲ ಏಳ್ಬೇಡ" ಎಂದು ಬೀನ್ಸ್ ಬಡಿಸಿದಳು.

ಹೆಂಗಸರಿಗೂ ಈ ಕೂಟದ ಸದಸ್ಯತ್ವ ಕೊಡಬೇಕೆಂಬ ನನ್ನ ನಿರ್ಣಯಕ್ಕೆ ಈಗಷ್ಟೇ ಮತ ಹಾಕಿದ್ದೀರಿ. ಪರ ಮೂವತ್ತೊಂದು, ವಿರೋಧ ಮೂವತ್ತೊಂದು. ನಮ್ಮ ಕೂಟಕ್ಕೂ ಸೆನೆಟ್ಟಿನ ನಿಯಮವೇ. ಬರೆದವರು ವಿಟ್‌ಲಾಕ್ ಅವರೇ. ಸನ್ಮಾನ ಮುಗಿಯಲಿ, ಆಮೇಲೆ ಅಧ್ಯಕ್ಷರ ಮತ ಎಂದಿರಿ. ಸರಿ.

ಒಂದು ಮಾತ್ರ ನಾನು ಗಮನಿಸಿದ್ದೇನೆ. ಮಧ್ಯಾಹ್ನ ಎರಡಕ್ಕೆ ಕೂತವರು ಇವರು. ಸೇಬಿನ ಪೈ ಹಂಚಿದಾಗ ನಾವೆಲ್ಲ ಎದ್ದೆವು, ಪಾದ್ರಿಗಳು ಎಲ್ಲರಿಗಿಂತ ಮೊದಲು ಎದ್ದರು. ಇವರು ಏಳಲಿಲ್ಲ.

ಮೊದಲ ಸಾಲಿನಲ್ಲಿ ಒಂದು ಬೆಂಚು ಖಾಲಿ ಬಿಡಿಸಿದ್ದೇನೆ. ಅಮ್ಮ ಹೊಸ್ತಿಲ ಆಚೆ ನಿಂತಿದ್ದಾಳೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಅಧ್ಯಕ್ಷರೇ, ತೀರ್ಪು ಬಡಿಯುವ ಸಭೆಯ ಸುತ್ತಿಗೆ ಈಗ ನಿಮ್ಮ ಕೈಯಲ್ಲಿದೆ. ನಮಸ್ಕಾರ.